ಗಂಗರತ್ನ ಎತ್ತಿದ ಕಂಬ

ಮುಳಬಾಗಿಲಿನ ತಂತಿ ಕಚೇರಿಯಲ್ಲಿ ಕೆಲಸಕ್ಕಿದ್ದ ಗಂಗರತ್ನಳಿಗೆ ಟೆಲಿಗ್ರಾಂ ಯಂತ್ರದ ಕಟ್ಟ್ ಕಡ ಸದ್ದು ಮನುಷ್ಯರ ಮಾತಿನಷ್ಟೇ ಸಲೀಸು. ಹಗಲೆಲ್ಲ ಅವಳ ಬೆರಳಿನ ಕೆಳಗೆ ಊರವರ ಸಾವು, ಹೆರಿಗೆ, ವರ್ಗಾವಣೆಗಳು ಹಾದುಹೋಗುತ್ತಿದ್ದವು. ಯಾರೋ ಯಾರಿಗೋ ಕಳಿಸಿದ್ದು. ತನ್ನದು ಅಂತ ಒಂದಕ್ಷರವೂ ಅದರಲ್ಲಿ ಇರುತ್ತಿರಲಿಲ್ಲ. ಹವ್ಯಾಸಿ ರೇಡಿಯೊ ಎಂಬುದೊಂದಿದೆ, ತಂತಿಯ ಹಂಗಿಲ್ಲದೆ ಇದೇ ಭಾಷೆಯಲ್ಲಿ ಲೋಕದ ಯಾರ ಜೊತೆಗಾದರೂ ಸುಮ್ಮನೆ ಮಾತಾಡಬಹುದು ಎಂದು ತಿಳಿದಂದಿನಿಂದ ಅವಳಿಗೆ ಬೇರೆ ಧ್ಯಾನವಿರಲಿಲ್ಲ. ಪರೀಕ್ಷೆ ಕಟ್ಟಿದಳು. ಲೈಸೆನ್ಸ್ ಬಂತು. ಬೆಂಗಳೂರಿನಿಂದ ಹಳೆಯ ಸೆಟ್ಟೊಂದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ಇನ್ನು ಉಳಿದದ್ದು ಏರಿಯಲ್ ಕಂಬ.

ನೀರಿನ ಪೈಪುಗಳನ್ನು ಒಂದಕ್ಕೊಂದು ಸೇರಿಸಿ ಮಾಡಿಸಿದ ಆ ಕಂಬ ಮನೆಗಿಂತ ಮೂರು ಪಟ್ಟು ಉದ್ದವಿತ್ತು. ದೀಪಾವಳಿ ಕಳೆದ ಮೇಲೆ ಬೀದಿಯ ಗಂಡಸರು ಸೇರಿ ಎತ್ತಲು ಹೋದರು. ಒಬ್ಬ ಎಳಿ ಎಂದ, ಇನ್ನೊಬ್ಬ ಬಿಡು ಎಂದ. ಕಂಬ ಒಮ್ಮೆ ತೂಗಿ, ನಡುವೆ ಬಾಗಿ, ನುಗ್ಗೆಮರದ ಮೇಲೆ ಒರಗಿತು. ಯಾರಿಗೂ ಪೆಟ್ಟಾಗಲಿಲ್ಲ. ನಗುತ್ತಾ ಕೈ ಒರೆಸಿಕೊಂಡು ಹೊರಟುಹೋದರು. ಬಾಗಿದ ಪೈಪನ್ನು ಬದಲಾಯಿಸುವಾಗಲೇ ಗಂಗರತ್ನ ತೀರ್ಮಾನಿಸಿದಳು, ಈ ಸಲ ತಾನೊಬ್ಬಳೇ ಎಂದು.

ಹತ್ತಿರದ ದೇವರಾಯಸಮುದ್ರದಲ್ಲಿ ಮುನಿಶಾಮಿ ಎಂಬುವನಿದ್ದ. ಬಾವಿಗಳಿಂದ ಪಂಪ್‌ಸೆಟ್ ಎತ್ತುವುದು ಅವನ ಕಸುಬು. ಅವನ ಚೈನ್ ಪುಲ್ಲಿಯ ಗುಣವೇ ಬೇರೆ: ಸರಪಳಿ ಎಳೆದಷ್ಟೇ ಭಾರ ಮೇಲೇಳುತ್ತದೆ, ಕೈಬಿಟ್ಟರೆ ಇದ್ದಲ್ಲೇ ನಿಲ್ಲುತ್ತದೆ. ಅದನ್ನು ಎರವಲು ಕೇಳಲು ಹೋದಾಗ ಅವನು ತಾನೂ ಬರುವೆನೆಂದ. ಅವಳು ಬೇಡವೆಂದಳು. ಅವನು ಬೇಸರಿಸದೆ, ಅರ್ಧಕ್ಕೆ ಸರಪಳಿ ಮುಗಿಯುತ್ತದೆ, ಆಗ ಕಂಬದ ಭಾರವನ್ನು ಹಗ್ಗಕ್ಕೆ ಬಿಟ್ಟು ಪುಲ್ಲಿಯನ್ನು ಹೊಸದಾಗಿ ಕಟ್ಟಬೇಕು, ಅದೊಂದು ಗಳಿಗೆ ಜೋಪಾನ ಎಂದು ಹೇಳಿ ಪುಲ್ಲಿ ಕೊಟ್ಟು ಕಳಿಸಿದ.

ಮಾರ್ಗಶಿರದ ಒಂದು ಭಾನುವಾರ ಗಾಳಿ ಬಿದ್ದಿತ್ತು. ಕಂಬದ ಬುಡವನ್ನು ಬಾಗಿಲಿನಂತೆ ತಿರುಗುವ ಕೀಲಿಗೆ ಸಿಕ್ಕಿಸಿದಳು. ಎಡಬಲಕ್ಕೆ ವಾಲದಂತೆ ಎರಡೂ ಪಕ್ಕದ ಕಲ್ಲುಕಂಬಗಳಿಗೆ ತಂತಿ ಬಿಗಿದಳು. ಬೇವಿನ ಮರಕ್ಕೆ ಪುಲ್ಲಿ ಕಟ್ಟಿ, ಅದರ ಕೊಕ್ಕೆಯನ್ನು ಕಂಬಕ್ಕೆ ಸಿಕ್ಕಿಸಿ ಸರಪಳಿ ಎಳೆಯತೊಡಗಿದಳು. ಕಟಕಟ ಎನ್ನುತ್ತಾ ತುದಿ ನೆಲ ಬಿಟ್ಟಿತು. ಬೆರಳಗಲ, ಮತ್ತೆ ಬೆರಳಗಲ. ಅವಸರಪಡಲು ಅಲ್ಲಿ ಏನೂ ಇರಲಿಲ್ಲ. ಬೆಟ್ಟದ ಬಂಡೆಗಳು ಬಿಸಿಲಲ್ಲಿ ತೂಕಡಿಸುತ್ತಿದ್ದವು. ಸರಪಳಿಯ ಲಯಕ್ಕೆ ಅವಳ ಮನಸ್ಸೂ ತೇಲಿತು. ತಾನು ಕಂಬವನ್ನು ಏರಿಸುತ್ತಿಲ್ಲ, ನೆಲವನ್ನೇ ಮೆಲ್ಲನೆ ಕೆಳಕ್ಕೆ ಇಳಿಸುತ್ತಿದ್ದೇನೆ ಅನಿಸಿತು. ಓರೆಯಾಗಿ ನಿಂತ ಪೈಪಿನ ಮೇಲೆ ಕಾಜಾಣವೊಂದು ಬಂದು ಕೂತು, ಅದರ ಜೊತೆಗೇ ಏರಿತು.

ಅವಳ ತಾಯಿ ಕೃಷ್ಣಮ್ಮ ಹಿಂಬಾಗಿಲ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಮೊದಲಿನಿಂದಲೂ ಈ ಕಂಬವೆಂದರೆ ಅವರಿಗಾಗದು. ಸಿಡಿಲನ್ನು ಮನೆಗೆ ಕರೆದು ಮಣೆ ಹಾಕಿದ ಹಾಗೆ ಎನ್ನುತ್ತಿದ್ದರು. ಆದರೂ ಕಣ್ಣು ಅತ್ತಲೇ.

ಅರ್ಧ ಏರಿದಾಗ ಸರಪಳಿ ಮುಗಿಯಿತು. ಗಂಗರತ್ನ ಕಂಬಕ್ಕೆ ಕಟ್ಟಿದ್ದ ಹಗ್ಗವನ್ನು ಬೇವಿನ ಬೊಡ್ಡೆಗೆ ಸುತ್ತಿ ಬಿಗಿದು, ಪುಲ್ಲಿಯನ್ನು ಸಡಿಲಿಸಿದಳು. ಹಗ್ಗ ನರಳಿತು. ಕಂಬ ಒಂದು ಗೇಣು ಕುಸಿಯಿತು. ಅದೇ ಹೊತ್ತಿಗೆ ಬೆಟ್ಟದ ಕಡೆಯಿಂದ ಗಾಳಿ ಎದ್ದು ತಂತಿಗಳೆಲ್ಲ ಗುಂಯ್‌ಗುಟ್ಟಿದವು. ಅವಳು ಹಗ್ಗದ ತುದಿಯನ್ನು ಬಿಗಿಯಾಗಿ ಹಿಡಿದಳು. ಕೃಷ್ಣಮ್ಮ ಮೊರ ಕೆಳಗಿಟ್ಟು ಎದ್ದರು.

"ಯಾರನ್ನಾದ್ರೂ ಕೂಗ್ಲೇನೇ?"

ಗಂಗರತ್ನ ಮರದತ್ತ ಬಗ್ಗಿದಳು. ಹಗ್ಗದ ಸುತ್ತು ಮರದ ತೊಗಟೆಯಲ್ಲಿ ಹೂತು ಕೂತಿತ್ತು. ಬೆರಳಿಟ್ಟು ನೋಡಿದಳು, ಬಿಗಿಯಾಗಿತ್ತು, ಜಾರುತ್ತಿರಲಿಲ್ಲ.

"ಬೇಡಮ್ಮ. ಅದು ನಿಂತಿದೆ."

ಕೃಷ್ಣಮ್ಮ ಮತ್ತೆ ಕೂರಲಿಲ್ಲ. ಹಿತ್ತಿಲಿಗೆ ಬಂದು, ಮುಟ್ಟದೆ, ದೂರದಲ್ಲೇ ನಿಂತು "ಮೆಲ್ಲಗಾ, ಮೆಲ್ಲಗಾ" ಎನ್ನುತ್ತಿದ್ದರು, ಹಸುಗೂಸಿಗೆ ನಡೆಯಲು ಕಲಿಸುವ ಹಾಗೆ. ಗಂಗರತ್ನ ಪುಲ್ಲಿಯನ್ನು ಹೊಸದಾಗಿ ಸಿಕ್ಕಿಸಿ ಸರಪಳಿ ಎಳೆದಳು. ಭಾರ ಮತ್ತೆ ಪುಲ್ಲಿಗೆ ಬಂತು, ಹಗ್ಗ ಸಡಿಲವಾಯಿತು. ಆಮೇಲೆ ಕಂಬ ಹಗುರವಾಗುತ್ತಾ ಹೋಯಿತು. ನೆಟ್ಟಗೆ ನಿಂತ ಕ್ಷಣ ಅವಳಿಗೆ ತಿಳಿಯಲೇ ಇಲ್ಲ. ಸರಪಳಿ ಬಿಗಿಯಾದಾಗ ತಲೆಯೆತ್ತಿದರೆ ಪೈಪಿನ ತುದಿ ನೀಲಿಯಲ್ಲಿ ಕರಗಿಹೋದಂತಿತ್ತು. ಮೋಡಗಳು ಸರಿಯುತ್ತಿದ್ದವು, ಕಂಬವೇ ಎಲ್ಲಿಗೋ ಹೊರಟಂತೆ ಕಂಡು, ಅವಳು ಬುಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಉಳಿದ ತಂತಿಗಳನ್ನು ಬಿಗಿದು ಸೆಟ್ಟಿನ ಮುಂದೆ ಕೂರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಅವಳು ಕಟ್ಟ್ ಕಡ ಭಾಷೆಯಲ್ಲೇ ಕೂಗಿದಳು, ಕಾದಳು, ಮತ್ತೆ ಕೂಗಿದಳು. ಸಮುದ್ರದಂಥ ಮೊರೆತದೊಳಗಿಂದ ಸಣ್ಣದೊಂದು ದನಿ ಅವಳ ಲೈಸೆನ್ಸಿನ ಗುರುತಿನ ಅಕ್ಷರಗಳನ್ನೇ ತಿರುಗಿ ಹೇಳಿತು. ಜಪಾನಿನ ಉತ್ತರದ ಯಾವುದೋ ಊರಿನವನು. ಅಲ್ಲಿ ಹಿಮ ಬೀಳುತ್ತಿದೆಯಂತೆ.

ಕೃಷ್ಣಮ್ಮ ಬಾಗಿಲ ಹತ್ತಿರ ಬಂದು ನಿಂತಿದ್ದರು. ಯಾರೆಂದು ಕೇಳಿದರು. ಹೇಳಿದ್ದಕ್ಕೆ ಸ್ವಲ್ಪ ಯೋಚಿಸಿದರು.

"ಊಟ ಆಯ್ತಾ ಅಂತ ಕೇಳು."

ಗಂಗರತ್ನ ಕೇಳಿದಳು. ಅವನು ಅನ್ನವೂ ಮೀನೂ ಎಂದ.

"ಅನ್ನ ತಿಂದ್ರಂತೆ ಅಮ್ಮ."

"ಅಲ್ಲೂ ಅನ್ನಾನೇನಾ" ಎಂದರು ಕೃಷ್ಣಮ್ಮ, ಯಾರೋ ದೂರದ ನೆಂಟರು ಸಿಕ್ಕವರಂತೆ. ಹೊಸಿಲ ಮೇಲೇ ಕೂತುಬಿಟ್ಟರು.

ಅವನ ದನಿ ತೆಳ್ಳಗಾಗುತ್ತಾ, ಒಮ್ಮೆ ಹತ್ತಿರ ಬಂದು, ಮತ್ತೆ ಹಿಂದೆ ಸರಿದು, ಹಿಮದೊಳಗೆ ನಡೆದುಹೋದವನಂತೆ ಇಲ್ಲವಾಯಿತು. ಗಂಗರತ್ನ ಬೆನ್ನಟ್ಟಿ ಕೂಗಲಿಲ್ಲ. ತಾಯಿ ಮಗಳು ಇಬ್ಬರೂ ಆ ಮೊರೆತವನ್ನೇ ಕೇಳುತ್ತಾ ಕೂತರು.