ಡಾಕ್ಟರಮ್ಮನ ರದ್ದಾದ ಸಹಿ

ಔಷಧಿ ಅಂಗಡಿಯ ಕಂಪ್ಯೂಟರಿನಲ್ಲಿ ಆ ಹೆಸರು ಕಂಡದ್ದೇ ತಡ, ಮಾವನ ಮುಖ ಅರಳಿತು.

"ನೋಡಮ್ಮಾ, ನಮ್ಮ ಡಾಕ್ಟರಮ್ಮನ ಚೀಟಿ! ಕೆಲಸ ಬಿಟ್ಟು ವರ್ಷ ಆಯ್ತು ಅಂದ್ಕೊಂಡಿದ್ದೆ. ಮತ್ತೆ ಶುರು ಮಾಡಿದ್ದಾರೆ."

ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವ ಸೊಸೆ ಇಣುಕಿದಳು. ಚೀಟಿಯಲ್ಲಿದ್ದದ್ದು ನೋವು ಮರೆಸುವ, ಕೆಲವರು ನಶೆಗೂ ಬಳಸುವ ಇಂಜೆಕ್ಷನ್, ಅದೂ ನಲವತ್ತು. ಕೌಂಟರಿನಾಚೆ ಚೀಟಿ ತಂದವನೊಬ್ಬ ಕಾಲು ಬದಲಿಸುತ್ತಾ ನಿಂತಿದ್ದ.

ಮಾವ ಹಳೆಯ ದಿನಗಳಿಗೆ ಜಾರಿದ್ದರು. "ಆಗೆಲ್ಲ ಕಾಗದದ ಚೀಟಿ. ಅವರ ಅಕ್ಷರ ಓದೋಕೆ ಬರ್ತಿದ್ದದ್ದು ನನಗೊಬ್ಬನಿಗೇ. ಒಂದೊಂದು ಸಲ ಅವರಿಗೇ ಬರ್ತಿರಲಿಲ್ಲ! ಅನುಮಾನ ಬಂದ್ರೆ ರಸ್ತೆ ದಾಟಿ ಹೋಗಿ ಕೇಳ್ತಿದ್ದೆ. ಬೈದು, ಚಹಾ ಕೊಟ್ಟು ಕಳಿಸ್ತಿದ್ರು."

"ಇದನ್ನೂ ಒಂದ್ಸಲ ವಿಚಾರಿಸೋಣ ಮಾವ."

"ಯಾಕೆ? ಡಿಜಿಟಲ್ ಸಹಿ ಸರಿ ಇದೆ ಅಂತ ಹಸಿರು ಗುರುತು ಬಂದಿದೆಯಲ್ಲ?"

"ಸಹಿ ಅವರದ್ದೇ ಇರಬಹುದು. ಆ ಸಹಿ ಅವರದ್ದು ಅಂತ ಖಾತ್ರಿ ಕೊಡೋ ಪ್ರಮಾಣಪತ್ರ ಇನ್ನೂ ನಡೆಯುತ್ತಾ? ಪ್ರಮಾಣಪತ್ರ ಕೊಡೋ ಸಂಸ್ಥೆ ರದ್ದಾದವುಗಳ ಪಟ್ಟಿಯನ್ನೂ ಹೊರಡಿಸುತ್ತೆ. ನಮ್ಮ ಕಂಪ್ಯೂಟರ್ ಹಳೇ ಪಟ್ಟಿ ನೋಡಿ ತಲೆಯಾಡಿಸ್ತಿದೆಯೋ ಏನೋ."

ಸೊಸೆ ಆದೇಶ ಟೈಪ್ ಮಾಡುವ ಕಪ್ಪು ಪರದೆ ತೆರೆದಳು.

"ಅಯ್ಯೋ, ಇದು ಎಂಜಿನಿಯರುಗಳ ಕೆಲಸ. ನಮಗ್ಯಾಕೆ?"

"ಮೂರೇ ಸಾಲು ಮಾವ."

ಮೊದಲ ಸಾಲಿಗೆ ಹೊಸ ಪಟ್ಟಿ ಇಳಿಯಿತು. ಎರಡನೆಯದಕ್ಕೆ, ಪಟ್ಟಿಗೆ ಸಂಸ್ಥೆಯೇ ಸಹಿ ಮಾಡಿದೆಯೇ, ಅದು ಯಾವ ತಾರೀಕಿನವರೆಗೆ ಚಾಲ್ತಿ ಎಂಬುದು ಕಂಡಿತು. "ಪಟ್ಟಿಯನ್ನೂ ಕಣ್ಣುಮುಚ್ಚಿ ನಂಬಬಾರದು" ಎಂದಳು. ಹೊಸದು ಸರಿಯಾಗಿತ್ತು; ಅಂಗಡಿಯಲ್ಲಿದ್ದ ಹಳೇ ಪಟ್ಟಿಯ ಅವಧಿ ಮುಗಿದು ಹನ್ನೊಂದು ವಾರವಾಗಿತ್ತು. ಮೂರನೆಯ ಸಾಲಿನಲ್ಲಿ ಡಾಕ್ಟರಮ್ಮನ ಪ್ರಮಾಣಪತ್ರದ ಸಂಖ್ಯೆ ಹುಡುಕಿದಳು.

ಸಿಕ್ಕಿಬಿಟ್ಟಿತು. ಹೋದ ತಿಂಗಳೇ ರದ್ದು. ಕಾರಣ: ಸಹಿಯ ಗುಟ್ಟಿನ ಕೀಲಿ ಬೇರೆಯವರ ಕೈ ಸೇರಿದೆ.

ಮಾವ ಕೂಡಲೇ ಡಾಕ್ಟರಮ್ಮನಿಗೆ ಫೋನ್ ಮಾಡಿ ಚೀಟಿಯ ವಿಷಯ ಹೇಳಿದರು.

"ಲ್ಯಾಪ್‌ಟಾಪ್ ಕಳುವಾಯ್ತು ಕಣ್ರೀ" ಎಂದಿತು ಅದೇ ಗಡಸು ದನಿ. "ಸಹಿಯ ಕೀಲಿ ಅದರಲ್ಲೇ ಇತ್ತು. ಅವತ್ತೇ ಸಹಿ ರದ್ದು ಮಾಡಿಸಿದೆ. ಈ ವರ್ಷ ನಾನು ಒಂದು ಚೀಟಿನೂ ಬರೆದಿಲ್ಲ. ಔಷಧಿ ಕೊಟ್ಟಿಲ್ಲ ತಾನೇ?"

"ಇಲ್ಲ. ನನ್ನ ಸೊಸೆ ತಡೆದಳು."

"ಬುದ್ಧಿವಂತೆ. ಯಾರದೋ ಜೀವ ಉಳಿಸಿದಳು. ನೀವೆಲ್ಲ ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೀವಿ" ಎಂದು ಮಾವ ಫೋನ್ ಇಟ್ಟರು. ಅವರು ತಿರುಗಿ ನೋಡುವಷ್ಟರಲ್ಲಿ ಕೌಂಟರಿನಾಚೆ ಯಾರೂ ಇರಲಿಲ್ಲ. ಸೊಸೆ ಪೊಲೀಸರಿಗೆ ತಿಳಿಸಿದಳು.

"ಆ ಮೂರು ಸಾಲು ದೊಡ್ಡ ಅಕ್ಷರದಲ್ಲಿ ಬರೆದುಕೊಡಮ್ಮ" ಎಂದರು ಮಾವ. "ದಿನಾ ಬಾಗಿಲು ತೆಗೆದ ಕೂಡಲೇ ನಾನೇ ಒತ್ತುತ್ತೀನಿ."

ನಿಮ್ಮ ಅಂಗಡಿಗೂ, ಆಸ್ಪತ್ರೆಗೂ, ಕಚೇರಿಗೂ ಡಿಜಿಟಲ್ ಸಹಿಯ ಪತ್ರಗಳು ಬರುತ್ತವೆ ಅಲ್ಲವೇ? ಹಸಿರು ಗುರುತು ನೋಡಿ ಸುಮ್ಮನಾಗಬೇಡಿ. ರದ್ದಾದ ಪ್ರಮಾಣಪತ್ರಗಳ ಪಟ್ಟಿ ನಿಮ್ಮಲ್ಲಿ ಯಾವ ತಾರೀಕಿನದು? ಗೊತ್ತಿಲ್ಲವಾದರೆ ಗೊತ್ತಿರುವವರನ್ನು ಕೇಳಲು ನಾಚಿಕೆ ಬೇಡ. ಇವತ್ತೇ ಕೇಳಿ.