ನಲ್ಲಿಗೆ ಕಟ್ಟಿದ ತಂತಿ

ಮಧ್ಯಾಹ್ನ ಮೂರಕ್ಕೆ ಊರಿನ ರೇಡಿಯೋ ಕೇಂದ್ರ ಶಾಶ್ವತವಾಗಿ ಬಾಯಿ ಮುಚ್ಚುವುದಿತ್ತು. ಲಿಫ್ಟ್ ಮೆಕ್ಯಾನಿಕ್ ಪಾಳಿ ಮುಗಿಸಿ ಬಂದು, ಬೂಟು ಕೂಡ ಬಿಚ್ಚದೆ ಅಡುಗೆಕಟ್ಟೆಯ ಮುಂದೆ ಕೂತಾಗ ಎರಡೂ ಮುಕ್ಕಾಲು. ಎರಡು ವರ್ಷದ ಭಾನುವಾರಗಳನ್ನು ನುಂಗಿದ್ದ, ಅವನೇ ಕೈಯಾರೆ ಕಟ್ಟಿದ ಹರಳಿನ ರೇಡಿಯೋ ಒಂದು ಸಲವೂ ತುಟಿ ಬಿಚ್ಚಿರಲಿಲ್ಲ. ಅದರ ಅಳವಿಗೆ ಸಿಗುವುದು ಈ ಒಂದೇ ಕೇಂದ್ರ.

ದಿನವಿಡೀ ಕರೆಂಟು ಹೋದರೆ ಸಾಯುವ ಯಂತ್ರಗಳ ಜೊತೆ ಏಗುವವನಿಗೆ ಇದು ಬೇರೆಯೇ ಜಾತಿಯದು. ಬ್ಯಾಟರಿ ಬೇಡ, ಕರೆಂಟು ಬೇಡ. ತಾರಸಿಯ ಮೇಲೆ ಎಳೆದ ತಂತಿ ಅಲೆಯನ್ನು ಹಿಡಿಯುತ್ತದೆ, ಸುರುಳಿ ಬೇಕಾದ್ದನ್ನು ಆರಿಸುತ್ತದೆ, ಸೀಸದ ಅದಿರಿನ ಹರಳು ಅದರಿಂದ ದನಿಯನ್ನು ಬಿಡಿಸಿಕೊಡುತ್ತದೆ. ಇನ್ನೊಂದು ತಂತಿ ನೆಲ ಸೇರಬೇಕು, ಇಲ್ಲದಿದ್ದರೆ ದನಿ ಹುಟ್ಟದು. ಅದನ್ನವನು ನಲ್ಲಿಗೆ ಬಿಗಿದಿದ್ದ.

ಹರಳಿನ ಮೈಮೇಲೆ ಸೂಜಿಯಂಥ ತಂತಿಯನ್ನು ಕದಲಿಸಿ ಕದಲಿಸಿ ನೋಡಿದ. ಕಿವಿಗಿಟ್ಟ ಇಯರ್‌ಫೋನಿನಲ್ಲಿ ಬರೀ ಮೌನ.

"ಗೊಡ್ಡೆಮ್ಮೆ ಹಾಲು ಕರೆದಂಗಾಯ್ತು ನಿಮ್ಮ ಕತೆ," ಎಂದಳು ಪಾತ್ರೆ ತೊಳೆಯುತ್ತಿದ್ದ ಹೆಂಡತಿ. ಅವಳೂ ಆಗಷ್ಟೇ ಲಾಂಡ್ರಿಯಿಂದ ಬಂದಿದ್ದಳು. "ಆ ತಂತಿ ಯಾಕೆ ನಲ್ಲಿಗೆ?"

"ಕಬ್ಬಿಣದ ಪೈಪು ನೆಲದೊಳಗೆ ಹೋಗುತ್ತಲ್ಲ."

"ಎಲ್ಲಿಯ ಕಬ್ಬಿಣ? ಮೂರು ವರ್ಷದ ಹಿಂದೆ ಗೋಡೆ ಒಡೆದು ಪ್ಲಾಸ್ಟಿಕ್ ಹಾಕಿ ಹೋದ್ರು. ನೀವು ಡ್ಯೂಟಿಲಿದ್ರಿ."

"ಒಂದು ಮಾತು ಹೇಳಬಾರದಿತ್ತಾ?"

"ನೀವು ಒಂದು ಮಾತು ಕೇಳಬಾರದಿತ್ತಾ?"

ಗಡಿಯಾರ ಎರಡೂ ಐವತ್ತು ದಾಟಿತ್ತು. ಅವನು ತಂತಿಯನ್ನು ನಲ್ಲಿಯಿಂದ ಬಿಚ್ಚಿ ಅವಳತ್ತ ಚಾಚಿದ. "ಬರಿಗಾಲಲ್ಲಿದ್ದೀಯ, ಕೈಯೂ ಒದ್ದೆ. ನಿನ್ನ ಮೈಯಿಂದಲೇ ನೆಲ ಸೇರುತ್ತೆ. ಹಿಡ್ಕೋ."

"ಶಾಕ್ ಹೊಡೆಯಲ್ಲ ತಾನೇ?"

"ಇದರಲ್ಲಿ ಇರುವೆಗೂ ಸಾಲುವಷ್ಟಿಲ್ಲ."

ಅವಳು ಹಿಡಿದಳು. ತುಂಬ ದೂರದಲ್ಲೊಬ್ಬಳು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಆಮೇಲೆ ಹೆಸರುಗಳು: ಕೇಂದ್ರದಲ್ಲಿ ದುಡಿದವರದು, ಒಂದೊಂದಾಗಿ. ಅವನು ಉಸಿರು ಬಿಗಿಹಿಡಿದು ಕೇಳಿದ. ತಲೆಯೆತ್ತಿದಾಗ, ಬೆಳಗಿನಿಂದ ಹಾಸಿಗೆಬಟ್ಟೆ ಹಿಂಡಿದ್ದ ಆ ಕೈಗೆ ಅವಳು ಇನ್ನೊಂದು ಕೈಯ ಆಸರೆ ಕೊಟ್ಟಿರುವುದು ಕಂಡಿತು. ಮೂರಕ್ಕೆ ಇನ್ನು ಎರಡೇ ನಿಮಿಷ.

ಇಯರ್‌ಫೋನು ತೆಗೆದು ಅವಳ ಕಿವಿಗಿಟ್ಟ. ಬೂಟು ಕಳಚಿ, ಕಟ್ಟೆ ಕೆಳಗಿನ ಒದ್ದೆ ನೆಲದ ಮೇಲೆ ನಿಂತು ತಂತಿಯನ್ನು ತಾನು ಹಿಡಿದ.

"ಅಯ್ಯೋ, ಗೇಟು ಕಾಯೋನ ಹೆಸರೂ ಓದಿದಳು!"

"ಆಮೇಲೆ?"

"ಶ್, ಮಾತಾಡಬೇಡಿ."

ಅವಳು ಕಣ್ಣು ಮುಚ್ಚಿ ಗೋಡೆಗೊರಗಿದಳು. ಅವನ ಪಾದಕ್ಕೆ ನೆಲದ ತಂಪು ಏರುತ್ತಿತ್ತು. ಮೂರು ದಾಟಿ ಎಷ್ಟೋ ಹೊತ್ತಾದ ಮೇಲೆ ಅವನು ಮೆಲ್ಲಗೆ ಕೇಳಿದ, "ಇನ್ನೂ ಓದ್ತಿದ್ದಾಳಾ?"

"ಇಲ್ಲ, ಆಗಲೇ ನಿಂತುಹೋಯ್ತು," ಎಂದಳು ಅವಳು, ಕಣ್ಣು ತೆರೆಯದೆ. "ಸ್ವಲ್ಪ ಹೊತ್ತು ಹಾಗೇ ಹಿಡ್ಕೊಂಡಿರಿ."