ಹೊಲಿಗೆ ಅಂಗಡಿಯ ಫೋನಿನ ಆಸಕ್ತಿಗಳು

ಬೆಳಿಗ್ಗೆ ಹೊಲಿಗೆ ಅಂಗಡಿಯ ಬಾಗಿಲು ತೆಗೆದು ಅಕ್ಕ ಫೋನನ್ನು ಕೈಗೆತ್ತಿಕೊಂಡಾಗ ಅದರ ಪರದೆಯ ತುಂಬ ಒಂದು ನೀಲಿ ಚೌಕ ಕೂತಿತ್ತು. ಕನ್ನಡಕ ಸಿಗದೆ ಅದನ್ನು ಕತ್ತರಿ ಮಾಸ್ತರರ ಮುಂದೆ ಹಿಡಿದಳು. ಮಾಸ್ತರರಿಗೆ ಅಕ್ಷರ ಕಂಡರೆ ಓದಲೇಬೇಕು. ದಾರದ ಉಂಡೆಯ ಮೇಲಿನ ಚೀಟಿಯನ್ನೂ ಬಿಟ್ಟವರಲ್ಲ.

“‘ನಿಮ್ಮ ಖಾಸಗಿತನ ಈಗ ಇನ್ನಷ್ಟು ಭದ್ರ,’” ಅವರು ಗಟ್ಟಿಯಾಗಿ ಓದಿದರು. “‘ನಿಮ್ಮ ಆಸಕ್ತಿಗಳೇನೆಂದು ಹೊರಗಿನವರು ಇನ್ನು ಮುಂದೆ ಹಿಂಬಾಲಿಸಿ ಊಹಿಸಬೇಕಿಲ್ಲ. ನಿಮ್ಮ ಫೋನೇ ಪಟ್ಟಿ ಮಾಡಿ ಜಾಹೀರಾತುದಾರರಿಗೆ ತಿಳಿಸುತ್ತದೆ.’ ಕೆಳಗೆ ಒಂದೇ ಗುಂಡಿ ಇದೆ, ‘ಸರಿ, ತಿಳಿಯಿತು’ ಅಂತ.”

“ಬೇಡ ಅನ್ನೋ ಗುಂಡಿ?”

“ಹೊಲಿಯೋಕೆ ಮರೆತಿದ್ದಾರೆ.”

ಇಸ್ತ್ರಿ ಮಾಡುವ ಅಜ್ಜಿ ತಲೆಯೆತ್ತಿದಳು. “ಅಂದ್ರೆ ಏನಪ್ಪಾ?”

“ಇಷ್ಟು ದಿನ ಬೀದಿಯವನು ಕಿಟಕೀಲಿ ಇಣುಕ್ತಿದ್ದ. ಪಾಪ, ಅವನಿಗ್ಯಾಕೆ ಕತ್ತು ನೋವು ಅಂತ, ಈಗ ಫೋನೇ ಮನೆಯೊಳಗೆ ಕೂತು ಅವನಿಗೆ ಕೂಗಿ ಹೇಳುತ್ತಂತೆ.”

“ಬೇಲಿ ಎದ್ದು ಹೊಲ ಮೇಯೋದು ಗೊತ್ತಿತ್ತು,” ಎಂದಳು ಅಜ್ಜಿ. “ಮೇಯ್ದು ಬಾಯಿ ಒರೆಸ್ಕೊಂಡು, ‘ನಿಮ್ಮ ಹೊಲ ಈಗ ಭದ್ರ’ ಅಂತ ಚೀಟಿ ಕೊಡೋ ಬೇಲೀನ ಇವತ್ತೇ ನೋಡಿದ್ದು.”

“ನಮ್ಮ ಅಂಗಡೀಲಿ ಕದಿಯೋಕೆ ಏನಿದೆ? ಕಾಲರ್ ಅಳತೆ ತಾನೆ?” ಎಂದು ಅಕ್ಕ ಗುಂಡಿ ಒತ್ತಿದಳು. ದಿನಾ ಕೋಟಿ ಜನ ಹೀಗೇ ಒತ್ತುತ್ತಾರೆ, ಅದನ್ನೇ ಒಪ್ಪಿಗೆ ಎನ್ನುತ್ತಾರೆ. ದಾರಿಗೆ ಅಡ್ಡ ನಿಂತವನನ್ನು ಕೈಯಿಂದ ಸರಿಸಿದರೆ, ಅವನು ಅದನ್ನು ಅಪ್ಪುಗೆ ಎಂದು ಬರೆದುಕೊಂಡ ಹಾಗೆ.

ಮೂಲೆಯಲ್ಲಿ ಕೂತ ತಂಗಿ ಮಾತ್ರ ‘ಭದ್ರ’ ಎಂಬುದನ್ನು ನಂಬಿದಳು. ನಂಬುವುದು ಅವಳಿಗೆ ಬೇಕಾಗಿತ್ತು.

ಅವಳಿಗೆ ಮೂವತ್ತೆರಡು ವರ್ಷ. ಶಾಲೆಯ ಅಂಗಿಗಳಿಗೆ ಕಾಜಾ ಹಾಕುತ್ತಾ, ಅಂದರೆ ಗುಂಡಿ ತೂರುವ ಕಂಡಿಗಳನ್ನು ಕೈಯಲ್ಲಿ ಹೊಲಿಯುತ್ತಾ, ಹದಿನಾಲ್ಕು ವರ್ಷ ಕಳೆದಿದ್ದಳು. ಮುಂದಿನ ಸೋಮವಾರ ಬಸ್ಸು ಚಾಲಕರ ತರಬೇತಿಗೆ ಆಯ್ಕೆ ಪರೀಕ್ಷೆ. ಅದು ಮುಗಿಯುವತನಕ ಅಕ್ಕನಿಗೆ ತಿಳಿಯಬಾರದು. ಸಾಕಿ ಬೆಳೆಸಿದ ಅಕ್ಕ ಬೇಡ ಎನ್ನುವವಳಲ್ಲ, ಊಟ ಬಿಡುವವಳು. ಹಿಂದೊಮ್ಮೆ ದಾದಿಯ ಕೆಲಸ ಕಲಿಯುತ್ತೇನೆ ಎಂದಾಗ ಅಕ್ಕ ಎರಡು ದಿನ ಉಪವಾಸ ಕೂತಿದ್ದಳು. ಮೂರನೆಯ ದಿನ ತಂಗಿಯೇ ಅರ್ಜಿ ಹರಿದು, ತಟ್ಟೆ ತಂದಿಟ್ಟಿದ್ದಳು. ಈ ಸಲವೂ ಆ ಹಸಿದ ಮುಖ ನೋಡಿದರೆ ತಾನು ಕರಗಿಬಿಡುತ್ತೇನೆಂಬ ಭಯ.

ಅವಳ ಹಳೆಯ ಫೋನಿನಲ್ಲಿ ಮಾತಾಡಬಹುದಿತ್ತು, ಅಷ್ಟೆ. ಹಾಗಾಗಿ ಅಕ್ಕ ಬಟ್ಟೆ ತರಲು ಹೋದಾಗಲೆಲ್ಲ ಅಂಗಡಿಯ ಫೋನಿನಲ್ಲಿ ಬಸ್ಸಿನ ಗೇರು, ಕನ್ನಡಿ, ಇಕ್ಕಟ್ಟಿನ ತಿರುವುಗಳ ವಿಡಿಯೋ ನೋಡಿದಳು. ಮಾಸ್ತರರೂ ಅಜ್ಜಿಯೂ ಕಂಡೂ ಕಾಣದಂತಿದ್ದರು. ನೋಡಿದ್ದನ್ನೆಲ್ಲ ಅಳಿಸಿ, ಬೆರಳ ಗುರುತೂ ಉಳಿಯದಂತೆ ಸೆರಗಿನಿಂದ ಫೋನು ಒರೆಸಿ ಇಡುತ್ತಿದ್ದಳು.

ಶುಕ್ರವಾರ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಅಕ್ಕ ಫೋನಿನಲ್ಲಿ ಕಾಲರಿನ ಮಾದರಿ ತೋರಿಸುತ್ತಿದ್ದಳು. ಕಾಲರಿನ ಮೇಲೆ ಬಸ್ಸೊಂದು ಹಾರನ್ ಹೊಡೆಯುತ್ತಾ ಬಂದು ನಿಂತಿತು: ‘ಮಹಿಳೆಯರೇ, ಬಸ್ಸು ಓಡಿಸಲು ಕಲಿಯಿರಿ!’

ಗಿರಾಕಿ ಹೋದ ಮೇಲೆ ಅಕ್ಕ ಕೇಳಿದಳು: “ಯಾರದಿದು ಬಸ್ಸು?”

“ನಂದೇ,” ಎಂದಳು ಅಜ್ಜಿ.

“ನಿಮಗೆ ಎಪ್ಪತ್ತೆರಡು, ಅಜ್ಜಿ.”

“ಅದಕ್ಕೇ ಕಣೆ. ಮೊಣಕಾಲು ನಿಲ್ಲೋಕೆ ಬಿಡಲ್ಲ. ಅದು ಕೂತು ಮಾಡೋ ಕೆಲಸ.”

“ನಾನೂ ನೋಡಿದ್ದೆ,” ಎಂದರು ಮಾಸ್ತರರು.

“‘ಮಹಿಳೆಯರೇ’ ಅಂತಿದೆ, ಮಾಸ್ತರೇ.”

“ನಂದು ಓದೋ ಚಟ. ಗಂಡೋ ಹೆಣ್ಣೋ ಅಂತ ವಿಚಾರಿಸಿ ಓದಲ್ಲ.”

ತಂಗಿ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡಳು.

“ಪಟ್ಟಿ ಮಾಡುತ್ತೆ ಅಂದಿತ್ತಲ್ಲ, ತೆಗೀರಿ ಅದನ್ನ,” ಎಂದಳು ಅಕ್ಕ.

ಮಾಸ್ತರರು ಫೋನಿನೊಳಗೆ ಅಲ್ಲಿ ಒತ್ತಿ, ಇಲ್ಲಿ ಒತ್ತಿ, ಕೊನೆಗೆ ಪಟ್ಟಿ ಹಿಡಿದರು. ಸುಮ್ಮನಿರಬೇಕೆಂದು ಹೊಳೆಯುವ ಮೊದಲೇ ಓದತೊಡಗಿದ್ದರು. “ಬಸ್ಸು ಚಾಲನೆ. ಮಹಿಳೆಯರಿಗೆ ಉದ್ಯೋಗ. ಕಾಲರ್ ವಿನ್ಯಾಸ. ಕುಸ್ತಿ...”

“ಕುಸ್ತಿ ಮಾತ್ರ ನಿಜವಾಗ್ಲೂ ನಂದು,” ಎಂದಳು ಅಜ್ಜಿ.

“...ಕಾಜಾ ಹಾಕುವ ಯಂತ್ರ.”

ಅದು ಯಾರದೆಂದು ಕೇಳಬೇಕಾಗಲಿಲ್ಲ. ಅಕ್ಕನ ಮುಖವೇ ಹೇಳಿತು.

“ನನ್ನ ಜಾಗಕ್ಕೆ ಯಂತ್ರಾನಾ?” ಬಿಟ್ಟುಹೋಗಲು ಹೊರಟವಳೇ ಕೆರಳಿ ಎದ್ದು ನಿಂತಳು.

“ನಿನ್ನ ಕಣ್ಣು ಕೆಡ್ತಿದೆ ಅಂತ ನೋಡ್ದೆ ಕಣೆ! ಬಂದ ಮೇಲೆ ಹೇಳೋಣ ಅಂತಿದ್ದೆ. ನೀನು? ಆ ಬಸ್ಸು ನಿಂದೇ ತಾನೆ?”

“ಸೋಮವಾರ ಸಂಜೆ ಹೇಳೋಳಿದ್ದೆ.”

“ಹೋಗ್ಲಿ ಬಿಡ್ರೇ,” ಎಂದಳು ಅಜ್ಜಿ. “ಇಬ್ಬರ ಗುಟ್ಟೂ ಆಚೆ ಬಂತು. ಫೋನು ಒಳ್ಳೇದೇ ಮಾಡ್ತು.”

“ಏನು ಒಳ್ಳೇದು ಅಜ್ಜಿ? ಮೂರು ತಿಂಗಳಿಂದ ಮಾತು ಜೋಡಿಸ್ಕೊಂಡಿದ್ದೆ. ಹೀಗೆ ನಿಂತ್ಕೋಬೇಕು, ಹೀಗೆ ಶುರು ಮಾಡ್ಬೇಕು ಅಂತ. ಅಕ್ಕನಿಗೆ ಅದನ್ನ ಹೇಳೋಳು ನಾನಾಗ್ಬೇಕಿತ್ತು. ಮುಖ ಕಾಣದ ಯಾವನೋ ವ್ಯಾಪಾರಿಗೆ ಮೊದಲು ಹೇಳಿ, ಅವನು ಉಂಡು ಬಿಟ್ಟ ಎಂಜಲನ್ನ ನಮ್ಮಕ್ಕನಿಗೆ ಬಡಿಸ್ತು ಇದು!”

ಅಕ್ಕ ಮಾಸ್ತರರ ಕೈಯಿಂದ ಫೋನು ಕಸಿದು, ಚೂರುಬಟ್ಟೆಯ ಚೀಲದ ತಳಕ್ಕೆ ತುರುಕಿದಳು.

“ನಂಗೆ ಹೇಳಿದ್ದು ಫೋನು. ನೀನಿನ್ನೂ ಹೇಳಿಲ್ಲ. ಹೇಳು.”

ಜೋಡಿಸಿಟ್ಟ ಮಾತೆಲ್ಲ ತಂಗಿಗೆ ಮರೆತುಹೋಗಿತ್ತು. “ಅಕ್ಕಾ, ನಾನು ಬಸ್ಸು ಓಡಿಸ್ತೀನಿ. ನೀನು ಊಟ ಬಿಟ್ರೂ ಹೋಗ್ತೀನಿ.”

ಅಕ್ಕ ಊಟ ಬಿಟ್ಟಳು. ಶನಿವಾರವೂ ಬಿಟ್ಟಳು. ತಂಗಿ ಕಾಜಾ ಹಾಕುತ್ತಲೇ ಕೂತಳು, ಈ ಸಲ ಪರೀಕ್ಷೆಯ ಕರೆಪತ್ರ ಹರಿಯಲಿಲ್ಲ. ಭಾನುವಾರ ಅಕ್ಕ ಊಟ ಮಾಡಿ ಮಾತು ಬಿಟ್ಟಳು.

ಸೋಮವಾರ ಬೆಳಗ್ಗೆ ಹೊರಟು ನಿಂತ ತಂಗಿಯನ್ನು ಬಾಗಿಲಲ್ಲಿ ತಡೆದಳು. “ಕೈ ಎತ್ತು.”

ಎತ್ತಿದಳು.

“ಕಂಕುಳು ಬಿಗಿ. ಅಷ್ಟು ದೊಡ್ಡ ಚಕ್ರ ಹೇಗೆ ತಿರುಗಿಸ್ತೀಯ? ಬಿಚ್ಚಿ ಕೊಡು ರವಿಕೆ.”

ತೋಳಿನ ಹೊಲಿಗೆ ಬಿಡಿಸಿ, ಎರಡು ಬೆರಳಷ್ಟು ಬಟ್ಟೆ ಸೇರಿಸಿ ಹೊಲಿದಳು. ತಂಗಿಯ ಮುಖವನ್ನು ಒಮ್ಮೆಯೂ ನೋಡಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದು ರವಿಕೆಯನ್ನು ಅವಳತ್ತ ಎಸೆದಳು.

“ಬೇಗ ಹೊರಡು. ಬಸ್ಸು ಓಡಿಸೋಕೆ ಹೊರಟೋಳು ಬಸ್ಸು ತಪ್ಪಿಸ್ಕೊಂಡ್ಲು ಅಂತ ಬೀದಿಯೋರು ನಗಬಾರದು.”